ಶರಣಬಸಪ್ಪ ಅಂಕಲ್‌ನ ಕೇಳಿ

ಶರಣಬಸಪ್ಪನವರು ಕುಚ್ಚಲಕ್ಕಿ ಅನ್ನ ಉಂಡವರಲ್ಲ. ಗುಳೇದಗುಡ್ಡದವರು, ಜೋಳದ ರೊಟ್ಟಿಯ ಮೇಲೆ ಬೆಳೆದ ಜೀವ. ಆದರೂ ಉಡುಪಿ ಕಡೆಯ ಹುಡುಗ ಲತೇಶ್ ಸಿಂಗಾಪುರಕ್ಕೆ ಬಂದಿಳಿದ ಮೂರನೇ ದಿನ ಒಳ್ಳೆಯ ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದು ಅವರನ್ನೇ. ಅವರು ಗೊತ್ತಿಲ್ಲ ಅನ್ನಲಿಲ್ಲ. ಒಂದು ಸಂಜೆ ಪೂರ್ತಿ ನಾಲ್ಕು ಜನಕ್ಕೆ ಫೋನ್ ಮಾಡಿ, ಅಂಗಡಿಯ ಹೆಸರು, ಇಳಿಯಬೇಕಾದ ಎಂಆರ್‌ಟಿ ಸ್ಟೇಷನ್, ಅಂಗಡಿಯವನು ಎಷ್ಟು ಗಂಟೆಗೆ ನಗುತ್ತಾ ಮಾತಾಡುತ್ತಾನೆ ಎಂಬುದನ್ನೂ ಪತ್ತೆಮಾಡಿ ಕಳಿಸಿದರು.

ಗಡಿಯಾಚೆ ಮಲೇಷ್ಯಾದ ಜೋಹೊರ್ ಬಾರುಗೆ ವುಡ್‌ಲ್ಯಾಂಡ್ಸ್‌ನಿಂದ ಯಾವ ಬಸ್ಸು, ಮಗುವಿನ ಪಾಸ್‌ಪೋರ್ಟ್ ಫೋಟೊದಲ್ಲಿ ಕಿವಿ ಕಾಣಬೇಕೋ ಬೇಡವೋ, ಗೃಹಪ್ರವೇಶದಲ್ಲಿ ಹೊಗೆ ಎದ್ದರೆ ಫ್ಲಾಟಿನ ಅಲಾರಂ ಕೂಗುತ್ತದೆಯೋ, ಎಲ್ಲಕ್ಕೂ ಉತ್ತರ ಒಂದೇ: ಶರಣಬಸಪ್ಪ ಅಂಕಲ್‌ನ ಕೇಳಿ. ಇಷ್ಟೆಲ್ಲ ತಿಳಿದ ಮನುಷ್ಯ ಹಗಲಿಡೀ ಟೋವಾ ಪಾಯೋದ ಆಫೀಸೊಂದರ ಹೆಲ್ಪ್ ಡೆಸ್ಕಿನಲ್ಲಿ ಕೂತು, "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್" ಎಂದು ಹೇಳುತ್ತಾ ಹನ್ನೊಂದು ವರ್ಷ ಕಳೆದಿದ್ದರು.

ಅದೇ ಆಫೀಸಿನ ನೆಟ್‌ವರ್ಕ್ ಟೀಮಿನಲ್ಲಿ ಕಿಟಕಿ ಪಕ್ಕದ ಕುರ್ಚಿಯೊಂದು ಖಾಲಿಯಾಯಿತು. ಕೂರಬೇಕಾದರೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಬೇಕು. ಶರಣಬಸಪ್ಪನವರು ಆ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದಿದ್ದರು. ಮ್ಯಾನೇಜರು ತಿಂಗಳ ಕೊನೆಯವರೆಗೆ ಕಾಯುವುದಾಗಿಯೂ, ಆಮೇಲೆ ಇಪ್ಪತ್ತಾರರ ಮಯಂಕ್‌ಗೆ ಕುರ್ಚಿ ಕೊಡುವುದಾಗಿಯೂ ಬಹಳ ಸೌಜನ್ಯದಿಂದ ತಿಳಿಸಿದರು.

ಓದು ರೂಟಿಂಗ್ ಅಧ್ಯಾಯದಲ್ಲಿ ನಿಂತಿತ್ತು. ರೂಟರ್ ಅನ್ನುವ ಪೆಟ್ಟಿಗೆ ಬಂದ ಪ್ರತಿ ಮಾಹಿತಿ ತುಣುಕಿನ, ಅಂದರೆ ಪ್ಯಾಕೆಟ್ಟಿನ, ವಿಳಾಸ ನೋಡಿ ಮುಂದಿನ ದಾರಿಗೆ ಹಚ್ಚುತ್ತದೆ. ದಾರಿ ತಿಳಿಯದ್ದನ್ನೆಲ್ಲ ಒಂದೇ ದಿಕ್ಕಿಗೆ ತಳ್ಳುವ ಏರ್ಪಾಟಿಗೆ ಡಿಫಾಲ್ಟ್ ರೂಟ್ ಎಂದು ಹೆಸರು. ಈ ಸಾಲು ಓದಿದವರಿಗೆ ಯಾರದೋ ಮುಖ ನೆನಪಾಗಬೇಕಿತ್ತು. ಶರಣಬಸಪ್ಪನವರಿಗೆ ಆಗಲಿಲ್ಲ, ಅಷ್ಟರಲ್ಲಿ ಫೋನ್ ಬಂತು.

ಆ ರಾತ್ರಿ ಅಡಿಗೆಮನೆಯಲ್ಲಿ ಹದಿನಾಲ್ಕರ ಮಗಳು ಶಿವಾನಿ ಪುಸ್ತಕ ಹಿಡಿದು ಅಪ್ಪನಿಗೆ ಮಾದರಿ ಪ್ರಶ್ನೆ ಕೇಳುತ್ತಿದ್ದಳು. "ಪ್ಯಾಕೆಟ್ ಹೋಗೋಕೆ ದಾರಿ ಇಲ್ಲ, ಡಿಫಾಲ್ಟ್ ರೂಟೂ ಇಲ್ಲ. ರೂಟರ್ ಏನ್ಮಾಡುತ್ತೆ?"

"ಬಾಜೂಕಿನ ರೂಟರ್‌ಗೆ ಕೇಳಿ ಕಳಸತೈತಿ."

"ಡ್ರಾಪ್ ಮಾಡುತ್ತೆ ಲಾ," ಎಂದಳು ಮಾತಿಗೆ ಸಿಂಗಾಪುರದ ಬಾಲ ಅಂಟಿಸಿ. "ಬಿಸಾಕುತ್ತೆ, ಅಷ್ಟೇ."

"ಹಂಗ ಹೆಂಗ ಬಿಸಾಕತೈತಿ? ಬಂದವರನ್ನ ಬಾಗಲದಾಗಿಂದ ಹೊಳ್ಳಿ ಕಳಸಾಕ ಬರತೈತೇನು?"

ಒಲೆಯ ಮುಂದಿದ್ದ ಭಾಗ್ಯಶ್ರೀ ತಿರುಗಿ ನೋಡಿದರು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಹೆಂಗಸು. "ಎರಡು ಸಲ ಯಾಕ ಫೇಲ್ ಆದ್ರಿ ಅಂತ ಇವತ್ತ ಗೊತ್ತಾತು. ಫೋನ್ ಇಲ್ಲಿ ಕೊಡ್ರಿ."

"ಯಾರರ ಏನರ ಕೇಳಿದ್ರ?"

"ಗೊತ್ತಿಲ್ಲಂತ್ರಿ ಅಂತೀನಿ. ಅಷ್ಟ ಅನ್ನಾಕ ನನ್ನ ನಾಲಗಿ ಏನ ಸವೆಯೂದಿಲ್ಲ."

ಅಲ್ಲಿಂದ ನಾಲ್ಕು ವಾರ ಆ ಫೋನು ಅಡಿಗೆಮನೆಯ ಸಾಸಿವೆ ಡಬ್ಬದ ಪಕ್ಕದಲ್ಲಿತ್ತು. ಶರಣಬಸಪ್ಪನವರು ಪುಸ್ತಕ ಹಿಡಿದು ಬುಕಿತ್ ಪಂಜಾಂಗಿನ ಎಲ್‌ಆರ್‌ಟಿ ಹತ್ತಿದರು. ಆ ಪುಟ್ಟ ರೈಲು ಊರನ್ನೊಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಮನೆಗಳ ಪಕ್ಕ ಹಾಯುವಾಗ ಕಿಟಕಿಯ ಗಾಜು ತಾನಾಗಿ ಮಂಜಾಗುತ್ತದೆ, ಒಬ್ಬರ ಮನೆಯೊಳಗೆ ಇನ್ನೊಬ್ಬರು ಇಣುಕದಿರಲಿ ಎಂದು. ಹನ್ನೊಂದು ವರ್ಷದಿಂದ ಎಲ್ಲರ ಮನೆಯೊಳಗೂ ಇದ್ದ ಮನುಷ್ಯ ಆ ಬಿಳಿ ಗಾಜಿಗೆ ತಲೆಯಾನಿಸಿ ಲೂಪಿನ ಬಗ್ಗೆ ಓದಿದರು: ಎರಡು ರೂಟರ್‌ಗಳು "ಅದಕ್ಕೆ ಗೊತ್ತು" ಎಂದು ಒಂದನ್ನೊಂದು ತೋರಿಸುತ್ತಿದ್ದರೆ ಪ್ಯಾಕೆಟ್ ನಡುವೆ ಸುತ್ತುತ್ತಲೇ ಇರುತ್ತದೆ, ಯಾವುದಾದರೊಂದು ಅದನ್ನು ಬಿಡಬೇಕು.

ಮುಂದಿನ ಪುಟ ಅವರಿಗೆ ಬಹಳ ಹಿಡಿಸಿತು. ಅಕ್ಕಪಕ್ಕದ ರೂಟರ್‌ಗಳು ಹತ್ತು ಸೆಕೆಂಡಿಗೊಮ್ಮೆ ಪರಸ್ಪರ ಹಲೋ ಅನ್ನುತ್ತವೆ. ನಲವತ್ತು ಸೆಕೆಂಡು ಹಲೋ ಬರದಿದ್ದರೆ ಆ ರೂಟರ್ ಸತ್ತಿತೆಂದು ಬರೆದುಕೊಂಡು ಬೇರೆ ದಾರಿ ಹಿಡಿಯುತ್ತವೆ. ಅಳುವುದು, ಹುಡುಕುವುದು ಏನೂ ಇಲ್ಲ. ಎಂಥ ಶಿಸ್ತು ಎಂದು ಮೆಚ್ಚಿ ಹಳದಿ ಪೆನ್ನಿನಲ್ಲಿ ಗೆರೆ ಎಳೆದರು.

ಮನೆಗೆ ಬಂದಾಗೆಲ್ಲ ಕೇಳುತ್ತಿದ್ದರು, "ಇವತ್ತ ಎಷ್ಟು ಫೋನ್ ಬಂದ್ವು?"

"ಹನ್ನೆರಡು," ಎಂದರು ಭಾಗ್ಯಶ್ರೀ ಮೊದಲ ದಿನ. ಮಾರನೆಯ ದಿನ ಏಳು. ಐದನೆಯ ದಿನ, "ಒಂದು. ರಾಂಗ್ ನಂಬರ್."

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದೇ ಬಂತು. ದಾರಿಯಿಲ್ಲದ ಪ್ಯಾಕೆಟ್, ಡಿಫಾಲ್ಟ್ ರೂಟ್ ಇಲ್ಲದ ರೂಟರ್. ಶರಣಬಸಪ್ಪನವರು ಕಾಣದ ಆ ಪ್ಯಾಕೆಟ್ಟಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಡ್ರಾಪ್ ಎಂಬುದನ್ನು ಒತ್ತಿದರು. ಪಾಸಾದರು. ಸೋಮವಾರ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಹೊರಗೆ ಎದುರಿನ ಬ್ಲಾಕಿನ ಬಿದಿರಿನ ಕೋಲುಗಳ ಮೇಲೆ ಒದ್ದೆ ಬಟ್ಟೆಗಳು ಗಾಳಿಗೆ ಮೆಲ್ಲಗೆ ಆಡುತ್ತಿದ್ದವು. ಫೋನು ಜೇಬಿನಲ್ಲಿತ್ತು, ರಿಂಗ್ ಆಗಲಿಲ್ಲ. ಎರಡು ಸಲ ತೆಗೆದು ಸೈಲೆಂಟ್‌ನಲ್ಲಿದೆಯೇ ಎಂದು ನೋಡಿದರು. ಇರಲಿಲ್ಲ.

ಹೊಸ ಟೀಮಿಗೆ ಊಟ ಹಾಕಿಸಬೇಕೆನಿಸಿತು, ಜೋಳದ ರೊಟ್ಟಿಯ ಊಟ. ರೊಟ್ಟಿ ಮಾಡಿ ಕೊಡುತ್ತಿದ್ದ ದಾನವ್ವನವರಿಗೆ ಫೋನ್ ಮಾಡಿದರೆ, ಅವರು ಊರಿಗೆ ಹೋಗಿ ಮೂರು ವಾರವಾಗಿತ್ತಂತೆ. ಸಿಂಗಾಪುರದ ಎಲ್ಲ ಕನ್ನಡದವರಿಗೂ ಗೊತ್ತಿದ್ದ ಸುದ್ದಿ. ಮೂವತ್ತು ರೊಟ್ಟಿ ಬಡಿಯುವುದು ತನ್ನ ಕೈಲಾಗದು ಎಂದು ಭಾಗ್ಯಶ್ರೀ ಮೊದಲೇ ಹೇಳಿದ್ದರು. ಕೊನೆಗೆ ಲತೇಶ್‌ಗೆ ಫೋನ್ ಮಾಡಿದರು, ಜೀವನದಲ್ಲಿ ಮೊದಲ ಸಲ ತಮಗಾಗಿ ಕೇಳುವವರಾಗಿ.

"ರೊಟ್ಟಿನಾ ಅಂಕಲ್? ಒಂದ್ನಿಮಿಷ, ನಾರಾಯಣ ಅಂಕಲ್‌ನ ಕೇಳ್ತೀನಿ. ಅವರಿಗೆ ಎಲ್ಲಾ ಗೊತ್ತಿರುತ್ತೆ."

ನಾರಾಯಣ ಕುಂದಾಪುರದವರು, ಟೋವಾ ಪಾಯೋದಲ್ಲಿ ಮನೆ. ಜೋಳದ ಹಿಟ್ಟು ಕಲೆಸುವುದನ್ನೂ ಕಂಡವರಲ್ಲ. ಹತ್ತು ನಿಮಿಷಕ್ಕೆ ಶರಣಬಸಪ್ಪನವರ ಫೋನು ರಿಂಗ್ ಆಯಿತು. ಎಷ್ಟೋ ದಿನದ ಮೇಲೆ. ಅವರು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು ಎತ್ತಿದರು.

"ನಮಸ್ಕಾರ, ನಾನು ನಾರಾಯಣ. ಯಾರೋ ಹೊಸಬರಿರ್ಬೇಕು, ಲತೇಶ್ ಹೆಸರು ಹೇಳ್ಲಿಲ್ಲ, ಮೂವತ್ತು ಜೋಳದ ರೊಟ್ಟಿ ಬೇಕಂತೆ. ಗೊತ್ತಿಲ್ಲ ಅನ್ನೋಕೆ ಮನಸ್ಸು ಬರಲ್ಲ ನೋಡಿ. ನೀವು ಆ ಕಡೆಯವರಲ್ವಾ, ಯಾರು ಮಾಡ್ತಾರೆ ಗೊತ್ತಾ?"

ಭಾಗ್ಯಶ್ರೀ ಒಲೆ ಸಣ್ಣ ಮಾಡಿ ನೋಡುತ್ತಿದ್ದರು.

"ಗೊತ್ತಿಲ್ಲ," ಎಂದರು ಶರಣಬಸಪ್ಪನವರು.

"ಅಯ್ಯೋ ಪರವಾಗಿಲ್ಲ ಬಿಡಿ, ಬೇರೆ ಯಾರನ್ನಾದ್ರೂ ಕೇಳ್ತೀನಿ," ಎಂದು ನಾರಾಯಣ ಫೋನ್ ಇಟ್ಟರು.

ಭಾಗ್ಯಶ್ರೀ ಒಲೆ ಆರಿಸಿದರು. ಸ್ಟೂಲು ಎಳೆದುಕೊಂಡು ಮೇಲಿನ ಗೂಡಿನಿಂದ ಜೋಳದ ಹಿಟ್ಟಿನ ಡಬ್ಬ ಇಳಿಸಿದರು.

"ಹದಿನೈದ ಮಾಡ್ತೀನಿ," ಎಂದರು. "ಉಳಿದವರಿಗೆ ಅನ್ನ ಹಾಕ್ರಿ."