ಮಹಾದೇವಮ್ಮನ ಮೊಳದ ಬಾಗಿಲು

ನಮ್ಮ ದೊಡ್ಡಜ್ಜಿ ಮಹಾದೇವಮ್ಮ ಹಿತ್ತಲಲ್ಲಿ ಫಟ್‌ಫಟಿಗೆ ಮನೆ ಕಟ್ಟಿಸಿದ ಕತೆಯನ್ನು ನಮ್ಮ ಮನೆಯ ಗಂಡಸರು ಅರ್ಧವೇ ಹೇಳುತ್ತಾರೆ. ಬಾಗಿಲು ಚಿಕ್ಕದಾಯ್ತು, ಗಾಡಿ ಒಳಗೇ ಸಿಕ್ಕಿಕೊಂಡಿತು ಎನ್ನುವಲ್ಲಿಗೆ ಹೊಟ್ಟೆ ಹಿಡಿದುಕೊಂಡು ನಕ್ಕು, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಎದ್ದುಬಿಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮುಂದಿನದನ್ನು ಹೇಳಲು ಇವರಿಗೇನು ಧಾಡಿ? ಇರಲಿ, ನಾನೇ ಹೇಳುತ್ತೇನೆ.

ಮೊದಲ ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಮೈಸೂರು ಸಂಸ್ಥಾನದ ಹೊಸದುರ್ಗದಲ್ಲಿ ದೊಡ್ಡಜ್ಜಿಯ ಗಂಡ ಮುರುಗಪ್ಪಜ್ಜ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಆರಡಿಯ ಆಳು, ಮಾತು ಕಮ್ಮಿ. ದುರ್ಗದ ಕಡೆ ಗಣಿ ನೋಡಿಕೊಳ್ಳುತ್ತಿದ್ದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹಿಂದಿರುಗುವಾಗ ಅವನ ಮೋಟಾರು ಸೈಕಲ್ಲನ್ನು ಕೊಂಡು ತಂದಿದ್ದ. ಊರಿಗೆಲ್ಲ ಅದೊಂದೇ. ಅದರ ಸದ್ದು ಕೇಳಿ ಜನ ಫಟ್‌ಫಟಿ ಎಂದರು, ಅದೇ ಹೆಸರು ನಿಂತಿತು.

ಮಹಾದೇವಮ್ಮನ ತವರು ಮಾಡದಕೆರೆ. ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಅದೇನು ಮಹಾ ದೂರ ಎನ್ನಬೇಡಿ. ಗಾಡಿ ಕೊಬ್ಬರಿಗೆ ಬೇಕು, ಎತ್ತು ಹೊಲಕ್ಕೆ ಬೇಕು, ಹೆಂಗಸು ಒಲೆಗೆ ಬೇಕು. ಕೊಟ್ಟ ಹೆಣ್ಣು ತವರಿಗೆ ಹೋಗುವುದು ಹಬ್ಬಕ್ಕೆ, ಬಾಣಂತನಕ್ಕೆ, ಇಲ್ಲವೇ ಯಾರಾದರೂ ತೀರಿಕೊಂಡಾಗ. ಆ ವರ್ಷ ಯುಗಾದಿಗೆ ಮುರುಗಪ್ಪಜ್ಜ ಫಟ್‌ಫಟಿಯ ಹಿಂಬದಿಗೆ ಕಂಬಳಿ ಮಡಿಸಿ ಹಾಕಿ ಹೆಂಡತಿಯನ್ನು ಕೂರಿಸಿಕೊಂಡು ಹೋದ. ಬೆಳಗಿನ ರೊಟ್ಟಿ ಇಲ್ಲಿ ತಿಂದವಳು ಮಧ್ಯಾಹ್ನದ ಹೋಳಿಗೆಯನ್ನು ಅವ್ವನ ಕೈಯಿಂದ ತಿಂದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಿದ್ದಳು. ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಅವಳು ಕ್ಯಾರೇ ಅನ್ನಲಿಲ್ಲ. ಅವಳ ಅವ್ವ ಅನ್ನಪೂರ್ಣಮ್ಮನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಅದು ಪೂರಾ ಹೋಗುವ ಮೊದಲು ಮತ್ತೆ ಮತ್ತೆ ಹೋಗಿ ಅವ್ವನ ಎದುರು ಕೂರಬೇಕು, ಫಟ್‌ಫಟಿ ಇದ್ದರೆ ಅದು ಆಗುತ್ತದೆ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಗಂಡನಿಗೆ ಮಾತ್ರ ಹೇಳಲಿಲ್ಲ.

ಮಳೆಗಾಲದಲ್ಲಿ ಆ ದಾರಿಯೆಲ್ಲ ಕೆಸರು, ಫಟ್‌ಫಟಿ ಕದಲಲಿಲ್ಲ. ಕಾರ್ತಿಕ ಬಂತು. ಚಳಿಗಾಲ ಬಂದರೆ ಮುರುಗಪ್ಪಜ್ಜ ಕೊಬ್ಬರಿ ವ್ಯಾಪಾರಕ್ಕೆ ಮುಂಬಯಿಗೆ ಹೋಗುವವನು, ತಿರುಗಿ ಬರುವುದು ಸಂಕ್ರಾಂತಿ ಕಳೆದ ಮೇಲೆ. ಫಟ್‌ಫಟಿಯನ್ನು ಮನೆಯೊಳಗೆ ಇಡುವಂತಿರಲಿಲ್ಲ. ಪಡಸಾಲೆಯ ತುಂಬ ಕೊಬ್ಬರಿ. ಅದಕ್ಕೆ ಪೆಟ್ರೋಲಿನ ವಾಸನೆ ಹತ್ತಿದರೆ ಮೂಸುವವರಿಲ್ಲ. ಹಾಗಾಗಿ ಹಿತ್ತಲಲ್ಲಿ ಗರಿ ಹೊದಿಸಿ ನಿಲ್ಲಿಸಿದ್ದರು. ಮಳೆಗೆ ಅಲ್ಲಲ್ಲಿ ತುಕ್ಕು ಕಾಣಿಸಿಕೊಂಡಿತ್ತು.

“ಈ ಇಬ್ಬನಿಗೆ ಇದು ಉಳಿಯಾಕಿಲ್ಲ,” ಎಂದ ಮುರುಗಪ್ಪಜ್ಜ ಹೊರಡುವ ದಿನ. “ಬಂದ್ಮ್ಯಾಲೆ ಯಾರಿಗಾದ್ರೂ ಮಾರಿಬಿಡಾಣ.”

“ಕೆಟ್ರೆ ತಾನೆ ಮಾರೋದು? ನಾ ನೋಡ್ಕಂತೀನಿ. ನೀವು ಹೋಗಿ ಬರ್ರಿ,” ಎಂದಳು ಮಹಾದೇವಮ್ಮ.

ಗಂಡ ಊರು ದಾಟುತ್ತಲೇ ಮಣ್ಣಿನ ಗೋಡೆ ಹಾಕುವ ಎತ್ತಪ್ಪನಿಗೆ ಹೇಳಿ ಕಳಿಸಿದಳು. ಎತ್ತಪ್ಪ ಬಂದು ಫಟ್‌ಫಟಿಯನ್ನು ಸುತ್ತು ಹಾಕಿ ತಲೆ ಕೆರೆದುಕೊಂಡ. ನಮ್ಮ ಕಡೆ ಮನೆಯಾಗಲಿ ಕೊಟ್ಟಿಗೆಯಾಗಲಿ, ಯಜಮಾನನ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಮೊಳದಲ್ಲಿ ಅಳೆದು, ಲೆಕ್ಕ ಹಾಕಿ, ಒಳ್ಳೆಯ ಆಯ, ಎಂದರೆ ಶುಭದ ಅಳತೆ, ಕೂಡಿ ಬಂದರೇನೇ ಬಾಗಿಲು ಇಡುವುದು. ಮನೆಗೆ ಒಂದು ಆಯ, ದನಕ್ಕೆ ಒಂದು. ಫಟ್‌ಫಟಿಗೆ ಯಾವುದು?

“ಇದು ಎತ್ತಿನ ಸಾಲಿಗೆ ಬರಾಕಿಲ್ಲ ಅಮ್ಮಾರೇ. ಆನೆ, ಕುದುರೆ ಸಾಲಿಂದು. ಗಜಾಯ ಇಡಾಣ,” ಎಂದ ಕೊನೆಗೆ. “ಆದ್ರೆ ಯಜಮಾನ್ರ ಮೊಳ ಬೇಕಲ್ಲ?”

“ಅವ್ರು ಮುಂಬಯ್ಯಾಗವ್ರೆ. ಕೈ ಕತ್ತರಿಸಿ ಕಳಿಸ್ರಿ ಅನ್ಲಾ? ಅವ್ರು ಇಲ್ದಾಗ ಈ ಮನೆಗೆ ನಾನೇ ಯಜಮಾನಿ. ತಗ, ಅಳಿ,” ಎಂದು ಕೈ ಚಾಚಿದಳು.

ಎತ್ತಪ್ಪ ಒಂದು ಗಳಿಗೆ ಅನುಮಾನಿಸಿ, ಆಮೇಲೆ ದಾರ ಹಿಡಿದು ಅಳೆದ. ದೊಡ್ಡಜ್ಜಿ ಗಿಡ್ಡಿ, ಗಂಡನ ಎದೆಮಟ್ಟಕ್ಕೆ ಬರುವವಳು. ಕೈಯೂ ಅಷ್ಟೇ ಚಿಕ್ಕದು. ಅವಳ ಮೊಳಕ್ಕೆ ಬಾಗಿಲು ಎಷ್ಟು ಕಿರಿದಾಗುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ, ಏಕೆಂದರೆ ಗಾಡಿಯನ್ನು ಒಳಗೆ ತರುವ ಮಾತೇ ಇರಲಿಲ್ಲ. ಅದು ನಿಂತಲ್ಲೇ ನಿಂತಿತ್ತು, ಗೋಡೆ ಅದರ ಸುತ್ತ ಎದ್ದಿತು.

ಕೆಲಸ ಮಾತ್ರ ಸೊಗಸಾಗಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ನೆಲಕ್ಕೆ ಗರಸು ತುಂಬಿ ಎತ್ತರ ಮಾಡಿದರು. ಗೋಡೆಗೆ ಸಗಣಿ ಸಾರಿಸಿದರು. ತೆಂಗಿನ ತೊಲೆಯ ಮೇಲೆ ಗರಿಯನ್ನು ಒತ್ತೊತ್ತಾಗಿ ಹೆಣೆದು ಹೊದಿಸಿ, ಸೂರಂಚನ್ನು ಇಬ್ಬನಿ ಒಳಗೆ ಬರದಷ್ಟು ಕೆಳಗೆ ಇಳಿಬಿಟ್ಟರು. ಮಹಾದೇವಮ್ಮ ಗಾಲಿಗಳನ್ನು ಮರದ ದಿಮ್ಮಿಯ ಮೇಲೆ ಎತ್ತಿ ನಿಲ್ಲಿಸಿದಳು. ಬೂದಿ ಹಾಕಿ ತುಕ್ಕು ತಿಕ್ಕಿದಳು, ಹರಳೆಣ್ಣೆ ಸವರಿದಳು. ಚಳಿಗಾಲವಿಡೀ ಅಡಿಗೆ ಮುಗಿಸಿ ಒಂದು ಸಲ ಹಿತ್ತಲಿಗೆ ಹೋಗಿ ಬಟ್ಟೆಯಲ್ಲಿ ಒರೆಸಿ ಬರುವುದೇ ಅವಳ ಸಂಭ್ರಮ.

ಮಾಘದಲ್ಲಿ ಮುರುಗಪ್ಪಜ್ಜ ಬಂದ. ಜೊತೆಗೆ ಹೊಳಲ್ಕೆರೆಯ ರಸ್ತೆ ಕಂತ್ರಾಟುದಾರ ಕಾಟಲಿಂಗಪ್ಪನೂ ಬಂದ. ಬರುವ ದಾರಿಯಲ್ಲಿ ರೈಲಿನಲ್ಲಿ ಸಿಕ್ಕವನಿಗೆ ಮಾರುವ ಮಾತು ಕೊಟ್ಟೇ ಆಗಿತ್ತು. ಅಷ್ಟು ತಿಕ್ಕಿ ಹೊಳೆಯಿಸಿದ್ದಕ್ಕೆ ಮಹಾದೇವಮ್ಮ ತನ್ನನ್ನೇ ಬೈದುಕೊಂಡಳು. ತುಕ್ಕು ಹಿಡಿದಿದ್ದರಾದರೂ ಅವನು ಬೇಡವೆನ್ನುತ್ತಿದ್ದನೇನೋ! ಮುರುಗಪ್ಪಜ್ಜ ಒಳಗೆ ಹೋಗಿ ಫಟ್‌ಫಟಿ ಶುರುಮಾಡಲು ತುಳಿದ. ಎರಡನೆಯ ತುಳಿತಕ್ಕೇ ಹತ್ತಿಕೊಂಡು ಗುಡಿಸಲೆಲ್ಲ ಹೊಗೆಯಾಯಿತು.

“ಭಲೇ, ಹೊಸಾದು ಇದ್ದಂಗೈತೆ. ತರ್ರಿ ಈಚೆಗೆ,” ಎಂದ ಕಾಟಲಿಂಗಪ್ಪ.

ಈಚೆಗೆ ಬಂದರೆ ತಾನೆ! ಹ್ಯಾಂಡಲ್ಲು ಹೋರಿಯ ಕೊಂಬಿನಂತೆ ಎರಡೂ ಕಡೆ ಚಾಚಿತ್ತು, ಬಾಗಿಲು ಅದಕ್ಕಿಂತ ನಾಲ್ಕು ಬೆರಳು ಕಿರಿದು. ತಿರುಗಿಸಿದರು, ಓರೆ ಮಾಡಿದರು. ಕಾಲಿಡುವ ಕಂಬಿ ಚೌಕಟ್ಟಿಗೆ ಸಿಕ್ಕಿಕೊಂಡಿತು. ಬೇಲಿಯಾಚೆ ಊರು ನೆರೆದು ನಗತೊಡಗಿತು. ಮುರುಗಪ್ಪಜ್ಜ ಗೋಡೆ ಒಡೆಯಲು ಹಾರೆ ತರಿಸಿದ. ಅಷ್ಟರಲ್ಲಿ ಎತ್ತಪ್ಪ ಓಡಿ ಬಂದು ಅಡ್ಡ ನಿಂತ.

“ಒಡಿಯಂಗಿಲ್ರಿ. ಆಯ ಹಿಡಿದು ಇಟ್ಟ ಬಾಗ್ಲು, ವರ್ಷ ತುಂಬಾಗಂಟ ಮುಟ್ಟಬಾರ್ದು. ಅಮ್ಮಾರ ಮೊಳದ್ದು, ಅಮ್ಮಾರಿಗೇ ಕೇಡು.”

ಮುರುಗಪ್ಪಜ್ಜನ ಕೈಯಲ್ಲಿದ್ದ ಹಾರೆ ಕೆಳಗಿಳಿಯಿತು. ಕಾಟಲಿಂಗಪ್ಪನ ಮುಖ ಸಣ್ಣಗಾಯಿತು. ದೊಡ್ಡಜ್ಜಿ ಆಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅವನು ತನ್ನ ದಾರಿ ಹಿಡಿಯುತ್ತಿದ್ದ, ಫಟ್‌ಫಟಿ ಉಳಿಯುತ್ತಿತ್ತು. ಆದರೆ ಇನ್ನೊಂದು ಚಳಿಗಾಲದವರೆಗೆ ಅದು ಗೋಡೆಯೊಳಗೇ ಇರಬೇಕು, ಅಷ್ಟರಲ್ಲಿ ಅವ್ವನ ಕಣ್ಣು ಇರುತ್ತದೋ ಇಲ್ಲವೋ. ಒಡೆದರೆ ಗಾಡಿಯೇ ಕೈಬಿಟ್ಟು ಹೋಗುತ್ತದೆ. ಅವಳು ಸೆರಗು ಬಿಗಿದು ಬಾಗಿಲಿಗೆ ಬಂದು ನಿಂತಳು.

“ನೋಡ್ರಿ, ನಾ ಇದನ್ನ ಇಷ್ಟು ಜ್ವಾಪಾನ ಮಾಡಿದ್ದು ನಿಮ್ಮ ವ್ಯಾಪಾರಕ್ಕಲ್ಲ. ನಮ್ಮವ್ವಗೆ ಕಣ್ಣು ಹೋಗ್ತಾ ಐತೆ. ಅವ್ಳಿಗೆ ನಾ ಕಾಣ್ಬೇಕು, ನಂಗೆ ಅವ್ಳು ಕಾಣ್ಬೇಕು. ಇದು ಹೋದ್ರೆ ನಂಗೆ ಅವ್ವ ವರ್ಷಕ್ಕೊಂದು ದಿನ.”

ಬೇಲಿಯಾಚೆಯ ನಗು ನಿಂತಿತು. ಮುರುಗಪ್ಪಜ್ಜ ಹೆಂಡತಿಯನ್ನೇ ನೋಡಿದ. “ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?”

“ನೀವು ಯಾವಾಗ ಕೇಳಿದ್ರಿ?”

ಅವನು ಕಾಟಲಿಂಗಪ್ಪನ ಕಡೆ ತಿರುಗಿ ಕೈ ಮುಗಿದ. “ಮಾತು ಕೊಟ್ಟಿದ್ದೆ, ತಪ್ಪಿದೆ. ಬೇಜಾರು ಮಾಡ್ಕಬ್ಯಾಡ್ರಿ. ಊಟ ಮಾಡ್ಕಂಡು ಹೋಗ್ರಿ.” ಕಾಟಲಿಂಗಪ್ಪ ಮುಖ ಗಂಟು ಹಾಕಿಕೊಂಡೇ ಊಟಕ್ಕೆ ಕುಳಿತ, ಎರಡು ಸಲ ಬಡಿಸಿಕೊಂಡೂ ತಿಂದ.

ಅವನು ಹೋದ ಮೇಲೆ ಮಹಾದೇವಮ್ಮ ತಾನೇ ಹಾರೆ ಎತ್ತಿಕೊಂಡಳು. ಎತ್ತಪ್ಪ ಬೇಡಿಕೊಂಡ, “ಅಮ್ಮಾರೇ, ಕೇಡಾಗ್ತೈತೆ.”

“ನಮ್ಮವ್ವಗೆ ನನ್ನ ಮುಖ ಕಾಣ್ದಂಗಾಗೋದಕ್ಕಿಂತ ದೊಡ್ಡ ಕೇಡು ಯಾವ್ದೈತೋ ಎತ್ತಪ್ಪ? ಸರಿ ಅತ್ಲಾಗೆ,” ಎಂದು ಚೌಕಟ್ಟಿನ ಪಕ್ಕಕ್ಕೆ ಹಾಕಿದಳು ನೋಡಿ ಒಂದು ಏಟು. ಉಳಿದದ್ದನ್ನು ಮುರುಗಪ್ಪಜ್ಜ ಕೆಡವಿದ. ಅಂದಹಾಗೆ ದೊಡ್ಡಜ್ಜಿ ಎಂಬತ್ತು ದಾಟಿ ಬದುಕಿದಳು. ಎತ್ತಪ್ಪ ಹೇಳಿದ ಕೇಡು ದಾರಿ ತಪ್ಪಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಮಧ್ಯಾಹ್ನವೇ ಇಬ್ಬರೂ ಮಾಡದಕೆರೆಗೆ ಹೋದರು. ಸೀರೆಗೆ ಹತ್ತಿದ ಗೋಡೆಯ ಮಣ್ಣನ್ನು ಕೊಡವಿಕೊಳ್ಳಲೂ ಅವಳು ನಿಲ್ಲಲಿಲ್ಲ. ಅನ್ನಪೂರ್ಣಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮಗಳು ಬಂದು ಎದುರಿಗೆ ನಿಂತದ್ದು ಕಂಡು ಗಾಬರಿಯಾಗಿ ಮೊರ ಬದಿಗಿಟ್ಟಳು.

“ಯಾಕೆ ಬಂದ್ಯವ್ವಾ? ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ಲವ್ವ. ಸುಮ್ನೆ ಬಂದೆ,” ಎಂದಳು ಮಹಾದೇವಮ್ಮ. ಅವ್ವನ ಪಕ್ಕ ಕೂತು ಮೊರವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.