ಲಾಭ, ಎರಡು, ಮೂರು

ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಎರಡು ವರ್ಷ ‘ಹೊರಾಂಗಣ ಶಿಕ್ಷಣ ಸಂಯೋಜಕಿ’ ಆಗಿದ್ದೆ. ಈ ಹುದ್ದೆಯ ಹೆಸರನ್ನು ತಪ್ಪಿಲ್ಲದೆ ಬರೆಯಲು ನನಗೆ ಒಂದು ವಾರ ಹಿಡಿಯಿತು. ಕೆಲಸ ಕಲಿಯಲು ಅಷ್ಟೂ ಹಿಡಿಯಲಿಲ್ಲ, ಏಕೆಂದರೆ ಯಾರೂ ಕಲಿಸಲಿಲ್ಲ.

ಶಿಗ್ಗಾಂವದ ಹೊರಗೆ, ಹೊಲಗಳ ನಡುವೆ ಇರುವ ಹೆಣ್ಣುಮಕ್ಕಳ ವಸತಿ ಶಾಲೆ ಅದು. ನಾನು ಅಲ್ಲಿ ಆಯಾ ಆಗಿ ಸೇರಿದವಳು. ಆಟದ ಟೀಚರು ಮದುವೆಯಾಗಿ ಹೋದರು. ಆದರೆ ಮಕ್ಕಳನ್ನು ತಿಂಗಳಿಗೊಮ್ಮೆ ಹೊರಗೆ ಕರೆದೊಯ್ದು ಪ್ರಕೃತಿಯನ್ನು ಕಲಿಸುತ್ತೇವೆಂದು ಶಾಲೆಯ ಬಣ್ಣದ ಪುಸ್ತಕದಲ್ಲಿ ಅಚ್ಚಾಗಿಬಿಟ್ಟಿತ್ತು. ಅಚ್ಚಾದದ್ದನ್ನು ಅಳಿಸುವುದಕ್ಕಿಂತ ಆಯಾಳನ್ನು ಸಂಯೋಜಕಿ ಮಾಡುವುದು ಸುಲಭ. ಮುಖ್ಯೋಪಾಧ್ಯಾಯಿನಿಯನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ನಾನು ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಹೋಗುವಾಗ ಅವರು ತಡೆದು ನಿಲ್ಲಿಸಿದರು.

“ನಿಮಗ ನಡ್ಯಾಕ ಬರ್ತೈತಿ, ಒದರಾಕ ಬರ್ತೈತಿ. ಮತ್ತೇನ ಬೇಕ್ರಿ ಈ ಕೆಲಸಕ್ಕ?”

ಮರುದಿನ ನನ್ನ ಕೊರಳಿಗೆ ಒಂದು ಸೀಟಿ, ಎದೆಗೆ ಒಂದು ಬಿಲ್ಲೆ ಬಂತು. ನಿನ್ನೆಯವರೆಗೆ ‘ಆಯಾ, ನೀರು’ ಎನ್ನುತ್ತಿದ್ದ ಹುಡುಗಿಯರು ‘ಮೇಡಂ’ ಎಂದರು. ಆ ಶಬ್ದ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಅದಕ್ಕಾಗಿ ನಾನು ಏನೆಲ್ಲ ಕೊಟ್ಟೆ ಎನ್ನುವುದೇ ಈ ಬರಹ.

ನಮ್ಮ ಕಾರ್ಯಕ್ರಮ ಬಹಳ ಘನವಾದದ್ದು. ಹೊಲದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹೊಲ ತೋರಿಸುವುದು. ಮೊದಲ ಸಲ ಬಂಕಾಪುರದ ಕೋಟೆಗೆ ನವಿಲು ನೋಡಲು ಹೋದೆವು. ‘ಸದ್ದಿಲ್ಲದೆ, ವಿಸ್ಮಯದಿಂದ ವೀಕ್ಷಿಸಿ’ ಎಂದು ನನಗೆ ಕೊಟ್ಟ ಹಾಳೆಯಲ್ಲಿತ್ತು. ನಾನು ಓದಿ ಹೇಳಿದೆ. ಹಾನಗಲ್ಲಿನ ಕಡೆಯ ಒಬ್ಬ ಹುಡುಗಿ ಕೈ ಎತ್ತಿದಳು.

“ಮೇಡಂ, ಇವು ನಮ್ಮ ಹೊಲದಾಗಿನ ಸೇಂಗಾ ಕೆದರಿ ತಿಂತಾವ್ರಿ. ನಮ್ಮಪ್ಪ ದಿನಾ ಕಲ್ಲು ಒಗದು ಓಡಸ್ತಾನ. ಇಲ್ಲಿ ವಿಸ್ಮಯ ಪಡಬೇಕೇನ್ರಿ?”

“ಪಡಬೇಕು. ಹಾಳ್ಯಾಗ ಬರದೈತಿ,” ಎಂದೆ.

ಹಗ್ಗದ ಗಂಟು ಕಲಿಸುವ ದಿನ ಇನ್ನೂ ಚೆನ್ನಾಗಿತ್ತು. ಮೊಬೈಲಿನಲ್ಲಿ ನೋಡಿ ನಾನು ಕಲಿತಿದ್ದ ಒಂದೇ ಗಂಟನ್ನು ಸವಣೂರಿನ ಹುಡುಗಿಯೊಬ್ಬಳು ನೋಡಿ, “ಇದು ಬಿಚ್ಚತೈತ್ರಿ ಮೇಡಂ,” ಎಂದು ಹೇಳಿ ಎಳೆದಳು. ಬಿಚ್ಚಿತು. ಅವರ ಮನೆಯವರು ವೀಳ್ಯದೆಲೆ ಬಳ್ಳಿಯ ತೋಟದವರು, ಬಳ್ಳಿ ಕಟ್ಟುತ್ತಲೇ ದೊಡ್ಡವಳಾದವಳು. ಉಳಿದ ಅರ್ಧ ಗಂಟೆ ಅವಳೇ ನಮಗೆಲ್ಲ ಕಲಿಸಿದಳು. ವರದಿಯಲ್ಲಿ ‘ಸಂಯೋಜಕಿಯಿಂದ ತರಬೇತಿ’ ಎಂದು ಬರೆಯಲಾಯಿತು.

ಈ ಮಕ್ಕಳಲ್ಲಿ ನನ್ನ ತಂಗಿಯೂ ಒಬ್ಬಳು. ಒಂಬತ್ತನೆಯ ತರಗತಿ. ನಾನು ಅಲ್ಲಿ ಕೆಲಸಕ್ಕಿದ್ದೆನೆಂದು ಅವಳಿಗೆ ಸೀಟು ಸಿಕ್ಕಿತ್ತು. ಅವಳು ಹುಟ್ಟಿದಾಗ ಅವ್ವ ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡಲು ಹೋಗುತ್ತಿದ್ದಳು. ಕೂಸನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ತಂಗಿಗಾಗಿ ವಿದ್ಯೆ ತ್ಯಾಗ ಮಾಡಿದಳೆಂದು ನಮ್ಮ ಓಣಿಯವರು ಇಂದಿಗೂ ನನ್ನನ್ನು ಹೊಗಳುತ್ತಾರೆ. ಆ ವರ್ಷ ಗಣಿತದಲ್ಲಿ ನಾನು ನಪಾಸಾಗಿದ್ದೆ ಎನ್ನುವುದು ಓಣಿಗೆ ಗೊತ್ತಿಲ್ಲ. ಕೂಸು ಒಳ್ಳೆಯ ಸಮಯಕ್ಕೆ ಹುಟ್ಟಿತ್ತು.

ಬಿಲ್ಲೆ ಸಿಕ್ಕ ದಿನವೇ ನಾನು ಅವಳನ್ನು ನೀರಿನ ಟಾಕಿಯ ಹಿಂದೆ ಕರೆದು ಹೇಳಿದ್ದೆ: “ಎಲ್ಲಾರ ಮುಂದ ಅಕ್ಕ ಅನಬ್ಯಾಡ. ಮೇಡಂ ಅನ್ನು.”

“ಯಾಕ?”

“ಪಕ್ಷಪಾತ ಮಾಡ್ತಾಳ ಅಂತಾರ.”

ಪಕ್ಷಪಾತ! ಎಷ್ಟು ದೊಡ್ಡ ಶಬ್ದ ಸಿಕ್ಕಿತು ನನಗೆ. ಅಕ್ಕ ಎಂದರೆ ನಾನು ಹಮಾಲನ ಮಗಳು, ಏಳನೆಯ ತರಗತಿ, ಬಕೆಟ್ ಹೊರುವವಳು ಎಂದು ಎಲ್ಲರಿಗೂ ನೆನಪಾಗುತ್ತದೆ ಎನ್ನುವುದು ನಿಜವಾದ ಕಾರಣ. ತಂಗಿ ನನ್ನ ಬಿಲ್ಲೆಯನ್ನು ನೋಡಿ “ಹೂಂ” ಎಂದಳು. ಅಂದಿನಿಂದ ನಾನು ಮಂದಿಯ ಮುಂದೆ ಅವಳ ಮುಖ ನೋಡದೆ ಇರುವುದನ್ನು ಅಭ್ಯಾಸ ಮಾಡಿದೆ. ನನ್ನ ಎರಡು ವರ್ಷದ ನೌಕರಿಯಲ್ಲಿ ನಾನು ಸರಿಯಾಗಿ ಕಲಿತ ವಿದ್ಯೆ ಅದೊಂದೇ.

ಇಡೀ ಶಾಲೆಯಲ್ಲಿ ನನ್ನ ಹೊರಾಂಗಣ ಶಿಕ್ಷಣವನ್ನು ನಿಜವೆಂದು ನಂಬಿದವಳು ಅವಳು. ಹಕ್ಕಿಗಳನ್ನು ಬರೆದಿಡಲು ಒಂದು ನೋಟುಬುಕ್ ಇಟ್ಟಿದ್ದಳು. ಬಸ್ಸಿನ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುತ್ತಿದ್ದಳು, ಡ್ರೈವರ್ ಪಕ್ಕದ ಒಂಟಿ ಸೀಟಿನಲ್ಲಿ ಕುಳಿತು ಕಿಟಕಿಯಾಚೆಯೇ ನೋಡುತ್ತಿರುತ್ತಿದ್ದಳು. ಡಿಸೆಂಬರಿನಲ್ಲಿ ಹಾನಗಲ್ಲಿನ ಆಚೆ ಕಾಡಿನಂಚಿನಲ್ಲಿ ಮೂರು ದಿನದ ಶಿಬಿರ. ಹನ್ನೆರಡು ಹುಡುಗಿಯರಿಗೆ ಮಾತ್ರ ಜಾಗ. ಆ ಪಟ್ಟಿಯಲ್ಲಿ ಅವಳ ಹೆಸರಿತ್ತು. ವರ್ಷವಿಡೀ ಅದಕ್ಕಾಗಿಯೇ ಕಾದಿದ್ದಳು.

ಈಗ ಎಣಿಕೆಯ ವಿಷಯ ಹೇಳಬೇಕು. ನಮ್ಮಪ್ಪ ಶಿಗ್ಗಾಂವದ ಮಾರುಕಟ್ಟೆಯಲ್ಲಿ ಹಮಾಲ. ಕಾಳಿನ ಚೀಲ ಎಣಿಸುವಾಗ ಅವನು ‘ಒಂದು’ ಎನ್ನುವುದಿಲ್ಲ, ಶುಭವಾಗಲೆಂದು ಮೊದಲನೆಯದಕ್ಕೆ ‘ಲಾಭ’ ಎನ್ನುತ್ತಾನೆ. ಲಾಭ, ಎರಡು, ಮೂರು. ನಾನು ಎಣಿಸಲು ಕಲಿತದ್ದು ಅವನ ಬಗಲಲ್ಲಿ ನಿಂತು. ಬಸ್ಸಿನ ಬಾಗಿಲಲ್ಲಿ ಹುಡುಗಿಯರ ತಲೆ ಮುಟ್ಟಿ ಎಣಿಸುವಾಗಲೂ ಬಾಯಿಗೆ ಅದೇ ಬರುತ್ತಿತ್ತು. ಮೊದಲು ನಿಂತವಳು ತಂಗಿಯೇ ಆದ್ದರಿಂದ ಅವಳೇ ನನ್ನ ಲಾಭ. ಮುಖ ನೋಡುವ ಹಾಗಿಲ್ಲವಲ್ಲ, ಕಣ್ಣು ಎರಡನೆಯವಳ ಮೇಲೆ ಇಟ್ಟು, ಕೈ ಮಾತ್ರ ಅವಳ ಕಡೆ ಚಾಚಿ ‘ಲಾಭ’ ಎನ್ನುತ್ತಿದ್ದೆ.

ಅಕ್ಟೋಬರಿನಲ್ಲಿ ಹಿರೇಕೆರೂರಿನ ಆಚೆ, ಮಾಸೂರಿನ ಮದಗದ ಕೆರೆಗೆ ಹೋದೆವು. ಮೂವತ್ತೆರಡು ಹುಡುಗಿಯರು. ಹಾಳೆಯ ಪ್ರಕಾರ ಅಂದಿನ ಪಾಠ ‘ಏಕಾಂತ’: ಒಬ್ಬೊಬ್ಬರೂ ದೂರ ದೂರ ಕುಳಿತು ಒಂದು ಗಂಟೆ ಮಾತಿಲ್ಲದೆ ಕಂಡದ್ದನ್ನು ಕೇಳಿದ್ದನ್ನು ಬರೆಯಬೇಕು. ಮಾತಿಲ್ಲದೆ ಒಂದು ಗಂಟೆ ಕೂರುವುದು ಶಿಕ್ಷಣ ಎಂದು ನನಗೆ ಮೊದಲೇ ಗೊತ್ತಿದ್ದರೆ ನಾನೂ ಓದಿ ದೊಡ್ಡವಳಾಗಿರುತ್ತಿದ್ದೆ. ಒಳ್ಳೆಯ ನೆರಳನ್ನೆಲ್ಲ ಬೇರೆಯವರಿಗೆ ಹಂಚಿ, ತಂಗಿಯನ್ನು ಎಲ್ಲರಿಗಿಂತ ದೂರ, ಕೋಡಿಯ ಆಚೆಯ ಬಂಡೆಯ ಹತ್ತಿರ ಕೂರಿಸಿದೆ. ಪಕ್ಷಪಾತ ಇಲ್ಲ ಎಂದು ಲೋಕಕ್ಕೆ ತೋರಿಸಬೇಕಲ್ಲ.

“ಇಲ್ಲಿ ಕೋಡಿ ನೀರಿನ ಸಪ್ಪಳಕ್ಕ ಸೀಟಿ ಕೇಳೂದಿಲ್ಲ. ನಾನ ಬಂದು ಕರಿತೇನಿ. ಕರಿಯೂತನಕ ಏಳಬ್ಯಾಡ.”

“ಹೂಂ ರೀ ಮೇಡಂ,” ಎಂದಳು. ಸುತ್ತ ಯಾರೂ ಇರಲಿಲ್ಲ. ಆದರೂ ಮೇಡಂ ಎಂದಳು. ಶಿಸ್ತಿನ ಹುಡುಗಿ.

ಗಂಟೆ ಮುಗಿಯಿತು. ಸೀಟಿ ಊದಿದೆ. ಆಗಲೇ ತಡವಾಗಿತ್ತು, ಡ್ರೈವರ್ ಹಾರ್ನ್ ಒತ್ತುತ್ತಿದ್ದ, ಒಬ್ಬಳ ಚಪ್ಪಲಿ ಕೆಸರಿನಲ್ಲಿ ಸಿಕ್ಕಿತ್ತು. ಬಾಗಿಲಲ್ಲಿ ನಿಂತು ಎಣಿಸತೊಡಗಿದೆ. ಎಂದಿನಂತೆ ನೋಡದೆ ಕೈ ಚಾಚಿದೆ, ಕೈಗೆ ಬಾಗಿಲ ಕಂಬಿ ತಾಗಿತು, ಬಾಯಿ ‘ಲಾಭ’ ಎಂದಿತು. ಮೊದಲು ಹತ್ತಿದ ಹುಡುಗಿಗೆ ಎರಡು, ಮುಂದಿನವಳಿಗೆ ಮೂರು. ಕೊನೆಯವಳಿಗೆ ಮೂವತ್ತೆರಡು. ಲೆಕ್ಕ ಸರಿಯಾಯಿತು. ನಾನು ಎಂದಿನಂತೆ ತಂಗಿಯಿಂದ ದೂರ, ಹಿಂದಿನ ಸೀಟಿಗೆ ಹೋಗಿ ಕುಳಿತೆ.

ಹಿರೇಕೆರೂರಿನಲ್ಲಿ ಚಹಾಕ್ಕೆ ನಿಂತಾಗ ಮೂವತ್ತೆರಡು ಪೊಟ್ಟಣ ಚುರಮುರಿ ಕಟ್ಟಿಸಿದೆ. ಹಂಚಿದ ಮೇಲೆ ಒಂದು ಉಳಿಯಿತು. ಅಂಗಡಿಯವ ಒಂದು ಹೆಚ್ಚಿಗೆ ಕೊಟ್ಟಿದ್ದಾನೆ, ಇಂಥ ಧಾರಾಳದ ಮನುಷ್ಯರು ಈಗೆಲ್ಲಿ ಸಿಗುತ್ತಾರೆ ಎಂದು ಡ್ರೈವರ್ ಮುಂದೆ ಅವನನ್ನು ಹೊಗಳಿ, ಆ ಪೊಟ್ಟಣ ಬಿಚ್ಚಿ ತಿನ್ನತೊಡಗಿದೆ. ಚೆನ್ನಾಗಿತ್ತು, ಮೇಲೆ ಉಳ್ಳಾಗಡ್ಡಿ ಉದುರಿಸಿದ್ದ. ಅರ್ಧ ತಿಂದಿದ್ದೆ. ಹಾನಗಲ್ಲಿನ ಹುಡುಗಿ ಡ್ರೈವರ್ ಪಕ್ಕದ ಖಾಲಿ ಸೀಟಿನ ಹತ್ತಿರ ನಿಂತು ಕೂಗಿದಳು.

“ಮೇಡಂ, ಇಕಿ ನನ್ನ ಪೆನ್ನು ಇಸಗೊಂಡಾಳ್ರಿ. ಎಲ್ಲಿ ಹ್ವಾದ್ಲು?”

ಬಸ್ಸು ತಿರುಗಿತು. ಮಾಸೂರು ಮುಟ್ಟುವವರೆಗೆ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಬಿಸಾಡಲೂ ಆಗಲಿಲ್ಲ.

ಅವಳು ಅದೇ ಬಂಡೆಯ ಹತ್ತಿರ ಇದ್ದಳು. ಪಕ್ಕದಲ್ಲಿ, ಕೂಲಿ ಮುಗಿಸಿ ಮನೆಗೆ ಹೊರಟಿದ್ದ ಒಬ್ಬ ಹೆಂಗಸು ಬುಟ್ಟಿ ಇಳಿಸಿ ಕುಳಿತಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದಳು.

“ಈ ಕೂಸಿನ ಮೇಡಂ ಯಾರ್ರಿ?”

“ನಾನ ರೀ.”

“ನೀವೇನು? ಕರದ್ರ ನನ್ನ ಕೂಡ ಊರಿಗೆ ಬರವಲ್ದು. ಮೇಡಂ ಬಂದು ಕರಿತಾರ, ಅಲ್ಲಿತನಕ ಏಳಂಗಿಲ್ಲ ಅಂತೈತಿ. ನೀರಿನ ದಂಡ್ಯಾಗ ಒಂದ ಹುಡುಗೀನ ಬಿಟ್ಟು ಹೆಂಗ ಹೋಗಲಿ ಅಂತ ಕುಂತೇನಿ. ನಾವು ಆಡು ಮೇಯ್ಸಾಕ ಬಂದ್ರೂ ಒಂದೂ ಬಿಟ್ಟು ಹೋಗೂದಿಲ್ರಿ. ಅದೂ ಸಾಲಿ ಕಲೀಲಾರದವರು.”

ನಾನೂ ಕಲಿಯದವಳೇ ಎಂದು ಹೇಳಲು ಅದು ಸಮಯವಾಗಿರಲಿಲ್ಲ. ತಂಗಿ ಎದ್ದು ಲಂಗ ಕೊಡವಿ, “ಈಗ ಏಳಬಹುದೇನ್ರಿ ಮೇಡಂ?” ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಶಾಲೆಯಲ್ಲಿ ದೊಡ್ಡ ಮೇಡಂ ಬಾಗಿಲಲ್ಲೇ ಕಾದಿದ್ದರು. ಡ್ರೈವರ್ ಫೋನು ಮಾಡಿದ್ದ. “ಏನಾತು?” ಎಂದರು. ದಾರಿಯುದ್ದಕ್ಕೂ ನಾನು ನಿಜ ಹೇಳಬೇಕೆಂದೇ ನಿರ್ಧರಿಸಿದ್ದೆ. ಬಾಯಿ ತೆರೆದಾಗ ಹೊರಬಂದದ್ದು ಇದು:

“ಎಷ್ಟ ಹೇಳಿದ್ರೂ ಕೇಳಲಿಲ್ರಿ. ಗುಂಪು ಬಿಟ್ಟು ತಾನ ದೂರ ಹೋಗಿ ಕುಂತಾಳ.”

ದೊಡ್ಡ ಮೇಡಂಗೆ ನಾವು ಅಕ್ಕತಂಗಿ ಎಂದು ಗೊತ್ತಿತ್ತು. ಅದೇ ನನ್ನ ಅನುಕೂಲಕ್ಕೆ ಬಂತು. “ಸ್ವಂತ ಅಕ್ಕಾನ ತಂಗಿ ತಪ್ಪು ಮುಚ್ಚಿಡಲಾರದ ಹೇಳಾಕತ್ತಾಳಂದ್ರ ಇದಕ್ಕ ಪ್ರಾಮಾಣಿಕತೆ ಅಂತಾರ,” ಎಂದರು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಒಂದೇ ಪ್ರಶಸ್ತಿ. ತಂಗಿಯ ಕಡೆ ತಿರುಗಿ, “ಹೌದೇನ?” ಎಂದು ಕೇಳಿದರು.

ಅವಳು ನನ್ನ ಮುಖ ನೋಡಿದಳು. ಅಂದು ನಾನೂ ನೋಡಿದೆ, ಬೇರೆ ದಾರಿ ಇರಲಿಲ್ಲ. “ಹೌದ್ರಿ. ನಂದ ತಪ್ಪು,” ಎಂದಳು.

ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಗೆ ಪತ್ರ ಓದಿದಳು. ಶಿಬಿರದ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಲು ಪೆನ್ನನ್ನು ನನ್ನ ಕೈಗೇ ಕೊಟ್ಟರು, ಸಂಯೋಜಕಿ ನಾನಲ್ಲವೇ. ಗೆರೆ ನೇರವಾಗಿ ಎಳೆದೆ.

ದೀಪಾವಳಿಗೆ ಮನೆಗೆ ಹೋದೆವು. ಊಟಕ್ಕೆ ಕುಳಿತಾಗ ತಂಗಿ, “ಮೇಡಂ, ಸ್ವಲ್ಪ ಚಟ್ನಿ ಕೊಡ್ರಿ,” ಎಂದಳು.

ಅವ್ವ ನಕ್ಕಳು. “ಅಯ್ಯ, ಮೇಡಂ ಅಂತ! ಮನ್ಯಾಗರ ಅಕ್ಕ ಅನ್ನವ್ವಾ.”

“ರೂಢಿ ಆಗೈತವ್ವಾ,” ಎಂದಳು ತಂಗಿ, ತಟ್ಟೆ ನೋಡುತ್ತ.

ಅಪ್ಪನೂ ನಕ್ಕ. ತಮಾಷೆಯ ಮಾತೆಂದು ಇಬ್ಬರೂ ತಿಳಿದರು. ಮೂರು ದಿನವೂ ಅವಳು ಹಾಗೆಯೇ ಕರೆದಳು. ಬಹುವಚನದಲ್ಲಿ, ಬಹಳ ಮರ್ಯಾದೆಯಿಂದ. ನನಗೆ ಬೇಕಾಗಿದ್ದದ್ದು ಅದೇ ತಾನೆ, ಈಗ ಮನೆಯ ತನಕ ಬಂದು ಮುಟ್ಟಿತ್ತು.

ಹಬ್ಬದ ಮರುದಿನ ಮನೆ ಗುಡಿಸುವಾಗ ಅವಳ ಹಕ್ಕಿಯ ನೋಟುಬುಕ್ ಸಿಕ್ಕಿತು. ಕದ್ದು ಓದಿದೆ. ಕದಿಯುವುದು ನನ್ನ ತಪ್ಪುಗಳಲ್ಲಿ ಚಿಕ್ಕದು. ಮದಗದ ಕೆರೆಯ ಪುಟದಲ್ಲಿ, ಏಕಾಂತದ ಪಾಠದಲ್ಲಿ ಕಂಡದ್ದನ್ನೆಲ್ಲ ಒಂದರ ಕೆಳಗೆ ಒಂದು ಬರೆದಿದ್ದಳು. ಮಿಂಚುಳ್ಳಿ. ಎರಡು ಬೆಳ್ಳಕ್ಕಿ. ಎಮ್ಮೆಯ ಮೇಲೆ ಕಾಗೆ. ಅದರ ಕೆಳಗೆ: ‘ನಮ್ಮ ಸಾಲಿ ಬಸ್ಸು. ಹೋತು.’ ಅದರ ಕೆಳಗೆ ಮತ್ತೆ ಮಿಂಚುಳ್ಳಿ.

ಬಸ್ಸು ಹೋಗುವುದನ್ನು ಅವಳು ಕಂಡಿದ್ದಳು. ಕಂಡೂ ಎದ್ದಿರಲಿಲ್ಲ. ನಾನು ಬಂದು ಕರೆಯುತ್ತೇನೆಂದು ಹೇಳಿದ್ದೆನಲ್ಲ.

ರಜೆ ಮುಗಿದ ದಿನವೇ ದೊಡ್ಡ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ: ಕೋಡಿಯ ಆಚೆ ಕೂರಿಸಿದ್ದು, ಕರೆಯಲು ಮರೆತದ್ದು, ಬಾಗಿಲ ಕಂಬಿಯನ್ನು ಅವಳೆಂದು ಎಣಿಸಿದ್ದು, ಸುಳ್ಳು. ಅವರಿಗೆ ಸಿಟ್ಟಿಗಿಂತ ತೊಂದರೆ ಹೆಚ್ಚಾಯಿತು.

“ಈಗ ಹೇಳ್ತೀರಲ್ರಿ? ಅಕಿ ಪತ್ರ ಫೈಲಿಗೆ ಹಾಕೇವಿ.”

“ನಂದೂ ಒಂದು ಹಾಕ್ರಿ. ನಾನೂ ಪ್ರಾರ್ಥನಾದಾಗ ಓದತೇನಿ.”

ಓದಿದೆ. ನಾನೇ ಬರೆದದ್ದು, ಆದರೂ ‘ಜವಾಬ್ದಾರಿ’ಯಲ್ಲಿ ಎರಡು ಸಲ ತಡವರಿಸಿದೆ. ‘ಅವಳು ನನ್ನ ತಂಗಿ’ ಎನ್ನುವ ಸಾಲಿಗೆ ಎಲ್ಲರೂ ಬೆಚ್ಚಿಬೀಳುತ್ತಾರೆಂದು ತಿಳಿದಿದ್ದೆ. ಯಾರೂ ಅಲುಗಲಿಲ್ಲ. ಆಮೇಲೆ ಸವಣೂರಿನ ಹುಡುಗಿ ಹತ್ತಿರ ಬಂದು ಹೇಳಿದಳು: “ನಮಗ ಮೊದಲನೇ ದಿನಾನ ಗೊತ್ತಿತ್ತು ಬಿಡ್ರಿ. ಇಬ್ಬರದೂ ಮೂಗು ಒಂದ ಐತಿ.”

ಇಷ್ಟು ದಿನ ಇಷ್ಟು ಕಷ್ಟಪಟ್ಟು ಯಾರಿಂದ ಮುಚ್ಚಿಟ್ಟೆನೋ ದೇವರೇ ಬಲ್ಲ.

ಹೊಡೆದ ಗೆರೆಯ ಮೇಲೆ ತಂಗಿಯ ಹೆಸರನ್ನು ಮತ್ತೆ ಬರೆದರು. ಸೀಟಿ ಮತ್ತು ಬಿಲ್ಲೆ ನನ್ನಿಂದ ಹೋದವು. ಹುಬ್ಬಳ್ಳಿಯಿಂದ ಒಬ್ಬರು ತರಬೇತಿದಾರರು ಬಂದರು, ನಾನು ಅಡುಗೆಮನೆಗೆ ಬಂದೆ. ತಂಗಿ ಆಗಿನಿಂದ ನನ್ನನ್ನು ಮೇಡಂ ಎನ್ನುವುದನ್ನು ಬಿಟ್ಟಳು. ಅಕ್ಕ ಎಂದೂ ಅನ್ನಲಿಲ್ಲ. ಏನೂ ಅನ್ನದೆ ತಟ್ಟೆ ಚಾಚುತ್ತಿದ್ದಳು.

ಶಿಬಿರಕ್ಕೆ ಹೊರಟ ಬೆಳಿಗ್ಗೆ, ಬುತ್ತಿ ಹಂಚಲು ನಾನು ಬಸ್ಸಿನ ಬಾಗಿಲಲ್ಲಿ ನಿಂತಿದ್ದೆ. ಹನ್ನೆರಡು ಗಂಟು, ಒಂದೊಂದರಲ್ಲಿ ಎರಡು ರೊಟ್ಟಿ, ಪಲ್ಯ. ಸಾಲಿನಲ್ಲಿ ಮೊದಲು ಅವಳೇ. ಅವಳ ಮುಖವನ್ನೇ ನೋಡುತ್ತ ಗಂಟು ಕೊಟ್ಟು, “ಒಂದು,” ಎಂದೆ.

ಅವಳು ಮೆಟ್ಟಿಲ ಮೇಲೆ ನಿಂತಳು.

“ಲಾಭ ಅನಲಿಲ್ಲ?”

“ಇಲ್ಲ. ಒಂದು.”

“ಅಪ್ಪಗ ಹೇಳತೇನಿ ತಡಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಡ್ರೈವರ್ ಪಕ್ಕದ ಸೀಟಿಗೆ ಹೋಗಿ ಕುಳಿತಳು.