ನಾಲ್ಕೂವರೆಗೆ ಎಬ್ಬಿಸುವ ಕೆಲಸ

ಇಷ್ಟು ಸುಲಭದ ಕೆಲಸವನ್ನು ಯಾರಾದರೂ ಪರರಿಗೆ ಯಾಕೆ ಬಿಟ್ಟುಕೊಡುತ್ತಾರೆ? ಮಗುವಿನ ಬಟ್ಟೆ ಹಿಂಡುವಾಗಲೂ, ಬಾಲ್ಕನಿಯ ತಂತಿಗೆ ಹರವುವಾಗಲೂ, ಒಣಗಿದ್ದನ್ನು ಮಡಿಸಿಡುವಾಗಲೂ ಅವಳ ತಲೆಯಲ್ಲಿ ಇದೊಂದೇ ಪ್ರಶ್ನೆ ಗುಂಗಿಹುಳದ ಹಾಗೆ ಕೊರೆಯುತ್ತಿತ್ತು.

ಕೆಲಸ ಕೊಡುತ್ತೇನೆಂದವಳು ನೆಲಮಹಡಿಯ ಕೋಳಿಯಜ್ಜಿ. ಹೆಸರು ಕೇಳಿ ಕೋಳಿ ಸಾಕಿದ್ದಾಳೆ ಅಂದುಕೊಳ್ಳಬೇಕಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದು ನಿವೃತ್ತಳಾದ ಮೇಲೆ, ಊರು ಏಳುವ ಮೊದಲೇ ಏಳಬೇಕಾದವರಿಗೆ ಫೋನ್ ಮಾಡಿ ಎಬ್ಬಿಸುವುದನ್ನೇ ಕಸುಬು ಮಾಡಿಕೊಂಡಿದ್ದಳು. ಅದಕ್ಕೇ ಆ ಹೆಸರು. ಈಗ ಗಂಟಲು ಕೆಟ್ಟಿತ್ತು. ಆರು ತಿಂಗಳು ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿದ್ದರಂತೆ. ತನ್ನ ಒಂಬತ್ತು ಜನರಲ್ಲಿ ಮೂವರನ್ನು ಇವಳಿಗೆ ಒಪ್ಪಿಸಲು ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಿದ್ದಳು.

"ನೀನು ಹೇಗೂ ನಾಲ್ಕಕ್ಕೇ ಎದ್ದು ಲೈಟ್ ಹಾಕ್ತೀಯಲ್ಲ ಮಗಳೇ. ಎಚ್ಚರ ಪುಕ್ಕಟೆ ಹಾಳಾಗೋ ಬದಲು ಒಂದಿಷ್ಟು ಸಂಪಾದನೆ ಆಗ್ಲಿ."

ಈ ಮುದುಕಿ ನಮ್ಮ ಮನೆಯ ಲೈಟನ್ನು ಯಾಕೆ ನೋಡುತ್ತಾಳೆ? ಅವಳ ಮೊದಲ ಅನುಮಾನ ಅದು.

ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿದ್ದು. ಮಗು ಹುಟ್ಟುವವರೆಗೆ ಆರು ವರ್ಷ ಪಾರ್ಸೆಲ್ ಕಚೇರಿಯ ದೂರು ವಿಭಾಗದಲ್ಲಿ ಕೂತಿದ್ದಳು. ಕೈಗೆ ಬಂದ ಪೆಟ್ಟಿಗೆಯನ್ನು ಬಂದಿಲ್ಲವೆನ್ನುವವರು, ತಾವೇ ಬೀಳಿಸಿ ಒಡೆದ ಜಾಡಿಯ ಫೋಟೋ ಕಳಿಸುವವರು, ಫೋನಿನಲ್ಲೇ ಗೊಳೋ ಎಂದು ಅತ್ತು ಇಟ್ಟ ಮೇಲೆ ನಗುವವರು, ಎಲ್ಲರನ್ನೂ ಕಂಡಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಬೇರೆಯವರಿಗೆ ಗಾದೆ. ಅವಳಿಗೆ ಅದು ದಿನಚರಿ.

ಮಗುವಿಗೆ ಈಗ ಎಂಟು ತಿಂಗಳು. ಮತ್ತೆ ಕಚೇರಿಗೆ ಹೋಗೋಣವೆಂದರೆ ಮಗುವನ್ನು ಯಾರ ಕೈಗೂ ಕೊಡುವ ಧೈರ್ಯವಿಲ್ಲ. ಮನೆಯಲ್ಲೇ ಏನಾದರೂ ಎಂದು ಮೇಲಿನ ಮಹಡಿಯ ಮಕ್ಕಳಿಗೆ ಪಾಠ ಹೇಳಿ ನೋಡಿದಳು. ಅವರು ಗಣಿತ ಕಲಿಯುವ ಮೊದಲು ಮಗುವಿಗೆ ಕೆಮ್ಮು ಕಲಿಸಿ ಹೋದರು. ಲಕೋಟೆ ಅಂಟಿಸುವ ಕೆಲಸ ತಂದಳು. ಗೋಂದಿನ ಡಬ್ಬಿಯ ಮೇಲಿನ ಸಣ್ಣಕ್ಷರದ ಎಚ್ಚರಿಕೆ ಓದಿ ಅದೇ ಸಂಜೆ ವಾಪಸ್ಸು ಕೊಟ್ಟಳು. "ನಿನಗೆ ಸರಿಹೋಗೋ ಕೆಲಸವನ್ನ ಇನ್ನೂ ಯಾರೂ ಕಂಡುಹಿಡಿದಿಲ್ಲ ಬಿಡು" ಎಂದಿದ್ದ ಗಂಡ. ಅವನು ಗಾಜಿನ ಕಾರ್ಖಾನೆಯಲ್ಲಿ ಕಿಟಕಿ ಗಾಜು ಕತ್ತರಿಸುವವನು. ಅವನ ಮಾತೂ ಹಾಗೇ, ನೇರ ಗೆರೆ, ಒಂದೇ ಏಟು.

ಅಂಥವಳಿಗೆ ಅಜ್ಜಿಯ ಕೆಲಸ ಅಳತೆ ತೆಗೆದು ಹೊಲಿದಂತಿತ್ತು. ಅದೇ ಅವಳ ಭಯ.

"ಎಲ್ಲರ ಫೋನಲ್ಲೂ ಅಲಾರಂ ಇದೆಯಲ್ಲ ಅಜ್ಜಿ. ನಿಮ್ಮನ್ನ ಯಾಕೆ ಇಟ್ಕೊಳ್ತಾರೆ?"

"ಅಲಾರಂ ತಲೆಗೆ ಒಂದು ಮೊಟಕಿದ್ರೆ ಸುಮ್ಮನಾಗುತ್ತೆ. ನಾನು ಸುಮ್ಮನಾಗ್ತೀನಾ?" ಎಂದು ಅಜ್ಜಿ ಒಡಕು ದನಿಯಲ್ಲಿ ನಕ್ಕಳು. "ಒಂದೇ ಮಾತು ನೆನಪಿಟ್ಕೋ. 'ಎದ್ದೆ' ಅಂದ್ರೆ ನಂಬಬೇಡ. ನಿದ್ದೆಗಣ್ಣಲ್ಲಿ ಎಲ್ಲರೂ 'ಎದ್ದೆ' ಅಂತಾರೆ. ಇವತ್ತು ಯಾವ ವಾರ ಕೇಳು. ವಾರ ಸರಿಯಾಗಿ ಹೇಳಿದವನು ಎದ್ದ ಅಂತ ಲೆಕ್ಕ."

ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ. ಬೇಕರಿಯವನು, ನರ್ಸಮ್ಮ, ಮೊದಲ ಬಸ್ಸಿನ ಡ್ರೈವರು, ಇಷ್ಟೇ. ಹೆಸರಿಲ್ಲದವರನ್ನು ಹೇಗೆ ನಂಬುವುದು? ಮಾರನೆಯ ದಿನವೇ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬೇಕರಿಗೆ ಹೋದಳು. ಬೇಡದ ಬ್ರೆಡ್ ಒಂದನ್ನು ಕೊಂಡು, "ನಿಮ್ಮನ್ನ ಬೆಳಿಗ್ಗೆ ಯಾರು ಎಬ್ಬಿಸ್ತಾರೆ?" ಎಂದು ಕೇಳಿದಳು.

ಬೇಕರಿಯವನು ಹಿಟ್ಟಿನ ಕೈಯನ್ನು ಎಪ್ರನ್ನಿಗೆ ಒರೆಸಿಕೊಂಡು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಅದು ನಿಮಗ್ಯಾಕಮ್ಮ?"

ಅವನಿಗೂ ತನ್ನ ಮೇಲೆ ಅನುಮಾನ ಬಂದಿತೆಂದು ಅವಳಿಗೆ ವಿಚಿತ್ರ ಸಮಾಧಾನವಾಯಿತು. ಕೆಲಸ ಒಪ್ಪಿಕೊಂಡಳು.

ನಾಲ್ಕು ದಿನ ಹೂ ಎತ್ತಿದಷ್ಟು ಸಲೀಸು. ನಾಲ್ಕಕ್ಕೆ ಎಚ್ಚರಗೊಳ್ಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ಓಡಾಡುತ್ತ ಮೂವರಿಗೂ ಫೋನ್ ಮಾಡುತ್ತಿದ್ದಳು. ನರ್ಸಮ್ಮ ಮೊದಲ ರಿಂಗಿಗೇ ಏಳುವವಳು. ಬೇಕರಿಯವನು ವಾರ ಕೇಳಿದರೆ "ನಿಮ್ಮ ಕ್ಯಾಲೆಂಡರ್ ಏನಾಯ್ತಮ್ಮ?" ಎಂದು ಗೊಣಗಿ ಹೇಳುತ್ತಿದ್ದ. ಡ್ರೈವರಿನದು ಮಾತ್ರ ಬಾವಿಯೊಳಗಿಂದ ಬರುವಂಥ ದನಿ. ವಾರಕ್ಕೆ ತಡಕಾಡುತ್ತಿದ್ದ, ಆದರೆ ಹೇಳುತ್ತಿದ್ದ.

ಐದನೆಯ ದಿನ ಒಂಬತ್ತು ಗಂಟೆಗೆ ಅಜ್ಜಿ ಮತ್ತೆ ಮೂರು ಮಹಡಿ ಹತ್ತಿ ಬಂದಳು.

"ಡಿಪೋದಿಂದ ಫೋನ್ ಬಂದಿತ್ತು. ಮೊದಲ ಬಸ್ಸು ಹೊರಡಲೇ ಇಲ್ಲವಂತೆ. ನನಗೆ ಫೋನೇ ಬರಲಿಲ್ಲ ಅಂತಾನೆ ಡ್ರೈವರು. ನಿಜ ಹೇಳು, ಮಾಡಿದ್ದೆಯಾ?"

"ಮಾಡದೆ?" ಅವಳಿಗೆ ಮೈಯೆಲ್ಲ ಉರಿಯಿತು. ಫೋನ್ ತೆಗೆದು ತೋರಿಸಿದಳು. ನಾಲ್ಕೂವರೆಗೆ ಕರೆ, ನಲವತ್ತು ಸೆಕೆಂಡು ಮಾತು. "ಎದ್ದೆ ಅಂತ ಅವರ ಬಾಯಿಂದಲೇ ಹೇಳಿದ್ರು."

ಅಜ್ಜಿಯ ಮುಖ ಹಗುರಾಯಿತು. "ಹಾಗಾದ್ರೆ ಅವನೇ ಸುಳ್ಳ. ಡಿಪೋದವರಿಗೆ ಹಾಗಂತಲೇ ಹೇಳ್ತೀನಿ. ಮೊದಲೇ ಎರಡು ಸಲ ತಡ ಮಾಡಿದ್ದಾನೆ. ಇನ್ನು ಅವನಿಗೆ ಸ್ಟೇರಿಂಗ್ ಇಲ್ಲ, ಬಸ್ಸು ತೊಳೆಯೋ ಕೆಲಸಾನೇ ಗತಿ."

ಅಜ್ಜಿ ಇಳಿದು ಹೋದ ಮೇಲೆ ಅವಳು ಗೆದ್ದವಳ ಹಾಗೆ ಬಟ್ಟೆ ಒಗೆದಳು. ಜಾಡಿ ಒಡೆದವರ ಜಾತಿಯೇ ಇದು. ತಾನು ಮಲಗಿ ಊರಿನ ಮೇಲೆ ಹೊರಿಸುವುದು. ಇಂಥವರನ್ನು ತಾನೆಷ್ಟು ಕಂಡಿಲ್ಲ!

ಮಧ್ಯಾಹ್ನ ಮಗು ತೊಡೆಯ ಮೇಲೆ ಆಗತಾನೇ ಕಣ್ಣು ಮುಚ್ಚಿತ್ತು. ಕಾರ್ಖಾನೆಯಿಂದ ಗಂಡ ಫೋನ್ ಮಾಡಿದ. ಬರುವಾಗ ಏನಾದರೂ ತರಬೇಕೇ ಎಂದು ಕೇಳುವುದಕ್ಕೆ.

"ಸೋಪು ಮುಗಿದಿದೆ. ಮತ್ತೆ ಮಗೂಗೆ ಡ್ರಾಪ್ಸ್..." ಎಂದಳು.

"ಏನು? ಏನೂ ಕೇಳಿಸ್ತಿಲ್ಲ. ಯಾಕೆ ಹೀಗೆ ಪಿಸುಗುಡ್ತೀಯ ಮಾರಾಯ್ತಿ? ನಿನ್ನ ದನಿ ಕೇಳಿ ನಂಗೇ ತೂಕಡಿಕೆ ಬರ್ತಿದೆ."

ಅವಳು ತೊಡೆಯ ಮೇಲೆ ಮಲಗಿದ್ದ ಮಗುವನ್ನು ನೋಡಿದಳು.

ಆ ಬೆಳಿಗ್ಗೆ ಮಗು ಎಂದಿನಂತಿರಲಿಲ್ಲ. ಹಲ್ಲು ಬರುವ ಕಾಟಕ್ಕೆ ಎರಡರಿಂದ ಅತ್ತೂ ಅತ್ತೂ, ನಾಲ್ಕೂವರೆಗೆ ಐದು ನಿಮಿಷ ಮುಂಚೆ ಹೆಗಲ ಮೇಲೆ ನಿದ್ದೆ ಹೋಗಿತ್ತು. ಎಚ್ಚರವಾದೀತೆಂದು ಅವಳು ಉಸಿರನ್ನೂ ಅಳೆದು ಬಿಡುತ್ತಿದ್ದಳು. ನರ್ಸಮ್ಮನಿಗೆ, ಬೇಕರಿಯವನಿಗೆ ಫೋನ್ ರಿಂಗಾಗಿದ್ದೇ ಸಾಕಾಗಿತ್ತು. ಡ್ರೈವರಿಗೆ ಅವಳು ಏನೆಂದಿದ್ದಳು? ಬೆನ್ನು ತಟ್ಟುತ್ತ, ತೂಗುತ್ತ, ಮಗುವಿಗೆ ಹೇಳುವ ಅದೇ ದನಿಯಲ್ಲಿ, "ಏಳಿ... ಹೊತ್ತಾಯ್ತು... ಏಳಿ..." ಅವನು "ಹೂಂ, ಎದ್ದೆ" ಎಂದಿದ್ದ. ವಾರ ಕೇಳಿದರೆ ಮಾತು ಬೆಳೆಯುತ್ತದೆ, ಮಗು ಏಳುತ್ತದೆ ಎಂದು ಕೇಳಿರಲಿಲ್ಲ. ಇಡೀ ಕಟ್ಟಡದಲ್ಲಿ ಯಾರನ್ನೂ ನಂಬದ ತಾನು, ನಂಬಲೇಬಾರದ ಒಂದೇ ಒಂದು ಮಾತನ್ನು ನಂಬಿ ಪಟ್ಟಿಯಲ್ಲಿ ಅವನು ಎದ್ದನೆಂದು ಗುರುತು ಹಾಕಿಬಿಟ್ಟಿದ್ದಳು. ನಿದ್ದೆಯಲ್ಲಿದ್ದವನಿಗೆ ಜೋಗುಳ ಹಾಡಿ ಇನ್ನಷ್ಟು ಮಲಗಿಸಿದ್ದಳು. ಅವನಿಗೆ ನೆನಪಾದರೂ ಹೇಗಿರಬೇಕು?

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಸೋಪನ್ನು ಮೇಜಿನ ಮೇಲಿಟ್ಟು, ಶೂ ಬಿಚ್ಚುತ್ತ ಕೇಳಿಸಿಕೊಂಡ.

"ಹೇಳಿದ್ರೆ ಅಜ್ಜಿ ನಿನ್ನ ಕೆಲಸ ಕಿತ್ಕೊಳ್ತಾರೆ."

"ಗೊತ್ತು."

"ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ."

"ಅದೂ ಗೊತ್ತು. ಆದ್ರೆ ಅವನೂ ಸರಿ ಇದಾನೆ ಅಂತ ಏನು ಗ್ಯಾರಂಟಿ? ಎರಡು ಸಲ ಮೊದಲೇ ತಡ ಮಾಡಿದಾನಲ್ಲ? ಇವತ್ತು ನಾನು ಉಳಿಸಿದ್ರೆ ನಾಳೆ ನನ್ನ ಮೇಲೇ ಹೇಳಿದ್ರೆ?"

"ಹೇಳಬಹುದು."

"ನೀನು ಯಾಕೆ ಎಲ್ಲದಕ್ಕೂ ಹೂಂ ಅಂತೀಯ?"

"ನೀನು ನನ್ನ ಕೇಳ್ತಿಲ್ಲ ಕಣೆ. ನಿನ್ನನ್ನೇ ಕೇಳ್ಕೊಳ್ತಿದೀಯ" ಎಂದು ಅವನು ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದ.

ಅಜ್ಜಿ ಕೊಟ್ಟ ಹಾಳೆಯಲ್ಲಿ ಡ್ರೈವರಿನ ನಂಬರಿನ ಕೆಳಗೆ, ಅವನು ಎತ್ತದಿದ್ದರೆ ಎಂದು, ಡಿಪೋದ ನಂಬರೂ ಇತ್ತು. ಅವಳು ಮೂರು ಸಲ ಒತ್ತಿ ಮೂರು ಸಲವೂ ರಿಂಗಾಗುವ ಮೊದಲೇ ಕತ್ತರಿಸಿದಳು. ಮನೆಯಲ್ಲೇ ಕೂತು, ಮಗುವನ್ನು ಯಾರ ಕೈಗೂ ಕೊಡದೆ ಮಾಡಬಹುದಾದ ಕೆಲಸ ಇನ್ನೊಂದು ಸಿಗುತ್ತದೆ ಎಂಬ ಭರವಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಮಾಡದ ತಪ್ಪಿಗೆ ಸುಳ್ಳನೆನಿಸಿಕೊಂಡು ಒಬ್ಬ ಬಕೆಟ್ಟು ಹಿಡಿದು ನಿಂತಿರುವುದು ಕಣ್ಣಿಗೆ ಕಟ್ಟಿ ಬಿಡಲೊಲ್ಲದು. ನಾಲ್ಕನೆಯ ಸಲ ಕತ್ತರಿಸಲಿಲ್ಲ.

"ಡಿಪೋ" ಎಂದಿತು ಒಂದು ಒರಟು ದನಿ.

"ಸಾರ್, ಮೊದಲ ಬಸ್ಸಿನ ಡ್ರೈವರ್ ವಿಷಯ ಮಾತಾಡಬೇಕಿತ್ತು."

"ನೀವ್ಯಾರು? ಹೆಂಡತೀನಾ?"

"ಅಲ್ಲ."

"ಮತ್ತೆ ತಂಗೀನಾ? ನೋಡಿಯಮ್ಮ, ಮನೆಯವರ ಕೈಲಿ ಅಳಿಸಿದ್ರೆ ನಾವು ಕರಗಲ್ಲ. ಅವನೇ ಹೇಳಿ ಮಾಡಿಸ್ತಿದಾನಲ್ವಾ?"

"ಅವರ ಮುಖಾನೂ ನೋಡಿಲ್ಲ ಸಾರ್ ನಾನು. ಅವರನ್ನ ಎಬ್ಬಿಸೋ ಕೆಲಸದವಳು."

ಆ ತುದಿಯಲ್ಲಿ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. "ಓಹೋ, ನೀವೇನಾ. ನಿಮ್ಮದು ಸಾಕ್ಷಿ ಇದೆಯಲ್ಲ, ಫೋನ್ ಮಾಡಿದ್ದೀರಿ ಅಂತ."

"ಅದನ್ನೇ ಸರಿಯಾಗಿ ಬರ್ಕೊಳ್ಳಿ ಸಾರ್" ಎಂದಳು ಅವಳು. "ನಾಲ್ಕೂವರೆಗೆ ಫೋನ್ ಮಾಡಿದ್ದು ನಿಜ. ಎಬ್ಬಿಸಿದೆ ಅಂದದ್ದು ಸುಳ್ಳು."